ಅರ್ಜಿಯಿಂದ ಯುದ್ಧಕ್ಕೆ: ಅಮೆರಿಕದ ಹದಿಮೂರು ವಸಾಹತುಗಳ ಕಥೆ

ಅರ್ಜಿ ಬರೆಯುವುದೂ ಅದರ ಉತ್ತರಕ್ಕಾಗಿ ಕಾಯುವುದೂ ನಮ್ಮ ವಾಚಕರಲ್ಲಿ ಅನೇಕರಿಗೆ ಹೊಸದಲ್ಲ. ಉತ್ತರದ ಬದಲು ಶಿಕ್ಷೆಯೇ ಬಂದರೆ ಏನಾಗುತ್ತದೆ? ಅಮೆರಿಕದ ಹದಿಮೂರು ಇಂಗ್ಲಿಷ್ ವಸಾಹತುಗಳಲ್ಲಿ 1765ರಿಂದ 1776ರ ವರೆಗೆ ನಡೆದದ್ದು ಬಹುಮಟ್ಟಿಗೆ ಇದೇ. ಚಹಾದ ಮೇಲಿನ ಸುಂಕಕ್ಕಾಗಿ ಅಮೆರಿಕನ್ನರು ದಂಗೆಯೆದ್ದರೆಂದು ಶಾಲೆಯಲ್ಲಿ ಓದಿದ್ದೇವೆ. ಅದು ಸುಳ್ಳಲ್ಲ. ಆದರೆ ಮೂರು ಪೆನ್ಸಿನ ಸುಂಕಕ್ಕಾಗಿ ಯಾರೂ ಎಂಟು ವರ್ಷ ಕಾದಾಡುವುದಿಲ್ಲ.

ಮೊದಲು ಇಂಗ್ಲೆಂಡಿನ ಮಾತು ಕೇಳೋಣ. 1756ರಿಂದ 1763ರ ವರೆಗೆ ನಡೆದ ಯುದ್ಧದಲ್ಲಿ ಅದು ಫ್ರಾನ್ಸನ್ನು ಸೋಲಿಸಿ ಕೆನಡಾವನ್ನು ಪಡೆಯಿತು. ಜೊತೆಗೆ ಅದರ ಸಾಲವೂ ಹೆಚ್ಚುಕಡಿಮೆ ಇಮ್ಮಡಿಯಾಯಿತು. ಅಮೆರಿಕದ ರಕ್ಷಣೆಗಾಗಿ ಇಟ್ಟ ಸೈನ್ಯದ ಖರ್ಚಿನಲ್ಲಿ ಅಮೆರಿಕನ್ನರೂ ಪಾಲು ಕೊಡಲೆಂದು ಮಂತ್ರಿಗಳು ಕೇಳಿದ್ದು ತೀರ ಅನ್ಯಾಯವೆಂದು ನಮಗೆ ತೋರುವುದಿಲ್ಲ. ತಕರಾರು ಇದ್ದದ್ದು ಕೇಳಿದ ರೀತಿಯಲ್ಲಿ. ಪ್ರತಿಯೊಂದು ವಸಾಹತಿಗೂ ತನ್ನದೇ ಆದ ಚುನಾಯಿತ ಸಭೆಯಿತ್ತು. ತಲೆಮಾರುಗಳಿಂದ ತೆರಿಗೆ ಹಾಕುತ್ತಿದ್ದದ್ದು ಆ ಸಭೆಯೇ. ಲಂಡನ್ನಿನ ಪಾರ್ಲಿಮೆಂಟಿನಲ್ಲಾದರೋ ಅವರ ಪ್ರತಿನಿಧಿ ಒಬ್ಬನೂ ಇರಲಿಲ್ಲ.

1765ರಲ್ಲಿ ಸ್ಟಾಂಪು ಕಾಯಿದೆ ಬಂತು. ಕೋರ್ಟಿನ ಕಾಗದ, ಕರಾರುಪತ್ರ, ಲೈಸೆನ್ಸು, ವೃತ್ತಪತ್ರಿಕೆ, ಕೊನೆಗೆ ಇಸ್ಪೀಟಿನ ಎಲೆಗೂ ಸ್ಟಾಂಪು! ಇದರ ಭಾರ ಬಿದ್ದದ್ದು ವಕೀಲರು, ಮುದ್ರಕರು, ವರ್ತಕರ ಮೇಲೆ. ಎಂದರೆ ಬರೆಯಲೂ ಮಾತಾಡಲೂ ಬಲ್ಲವರ ಮೇಲೆ. ಸರ್ಕಾರವು ತಾನಾಗಿಯೇ ವಿರೋಧಿಗಳನ್ನು ಹುಡುಕಿಕೊಂಡಂತಾಯಿತು. ಒಂಬತ್ತು ವಸಾಹತುಗಳ ಪ್ರತಿನಿಧಿಗಳು ನ್ಯೂಯಾರ್ಕಿನಲ್ಲಿ ಸೇರಿ ಅರ್ಜಿ ಬರೆದರು. ಸ್ಟಾಂಪು ಮಾರಬೇಕಾದ ಅಧಿಕಾರಿಗಳು ಜನರಿಗೆ ಹೆದರಿ ರಾಜೀನಾಮೆ ಕೊಟ್ಟರು. ಇಂಗ್ಲಿಷ್ ಸರಕನ್ನು ಕೊಳ್ಳುವುದು ನಿಂತಾಗ ಇಂಗ್ಲೆಂಡಿನ ವ್ಯಾಪಾರಿಗಳೇ ಗೋಳಿಟ್ಟರು. 1766ರಲ್ಲಿ ಕಾಯಿದೆ ರದ್ದಾಯಿತು. ಆದರೆ ಎಲ್ಲ ವಿಷಯಗಳಲ್ಲೂ ವಸಾಹತುಗಳಿಗೆ ಶಾಸನ ಮಾಡುವ ಹಕ್ಕು ತನಗುಂಟೆಂದು ಅದೇ ದಿನ ಪಾರ್ಲಿಮೆಂಟು ಇನ್ನೊಂದು ಕಾಯಿದೆ ಮಾಡಿಕೊಂಡಿತು. ಬೆಂಕಿ ಆರಿತು, ಕೆಂಡ ಉಳಿಯಿತು.

ಮರುವರ್ಷವೇ ಗಾಜು, ಸೀಸ, ಬಣ್ಣ, ಕಾಗದ, ಚಹಾಗಳ ಮೇಲೆ ಸುಂಕ ಬಿತ್ತು. 1768ರಲ್ಲಿ ಬಾಸ್ಟನ್ ನಗರಕ್ಕೆ ಸೈನ್ಯ ಬಂದಿಳಿಯಿತು. 1770ರ ಮಾರ್ಚ್ 5ರಂದು ಸಿಪಾಯಿಗಳ ಗುಂಡಿಗೆ ಐವರು ಬಲಿಯಾದರು. ಆ ವರ್ಷವೇ ಉಳಿದ ಸುಂಕಗಳು ಹೋದವು. ಹಕ್ಕಿನ ಗುರುತಾಗಿ ಚಹಾದ ಸುಂಕವನ್ನು ಮಾತ್ರ ಉಳಿಸಿಕೊಂಡರು.

ಇಲ್ಲಿ ನಮಗೆ ಪರಿಚಯದ ಹೆಸರೊಂದು ಬರುತ್ತದೆ: ಈಸ್ಟ್ ಇಂಡಿಯಾ ಕಂಪನಿ. 1765ರಲ್ಲಿ ಬಂಗಾಳದ ದಿವಾನಿಯನ್ನು ಪಡೆದಿದ್ದರೂ ಕಂಪನಿ ದಿವಾಳಿಯ ಅಂಚಿನಲ್ಲಿತ್ತು. ಲಂಡನ್ನಿನ ಉಗ್ರಾಣಗಳಲ್ಲಿ ಮಾರದೆ ಉಳಿದ ಚಹಾ ತುಂಬಿತ್ತು. (ಅದು ಅಸ್ಸಾಮಿನದಲ್ಲ, ಚೀನಾದ ಚಹಾ.) ಅದನ್ನು ನೇರವಾಗಿ ಅಮೆರಿಕದಲ್ಲಿ ಮಾರಲು 1773ರಲ್ಲಿ ಅನುಮತಿ ದೊರೆಯಿತು. ಸುಂಕ ಕೊಟ್ಟರೂ ಚಹಾ ಮೊದಲಿಗಿಂತ ಅಗ್ಗ. ಅಗ್ಗದ ಚಹಾ ಕುಡಿದರೆ ಹಕ್ಕನ್ನು ಒಪ್ಪಿಕೊಂಡಂತೆ ಎಂದು ಜನ ಬೇಡವೆಂದರು. ಕಳ್ಳಸಾಗಣೆಯ ಚಹಾ ಮಾರುತ್ತಿದ್ದ ಅಲ್ಲಿನ ವರ್ತಕರಿಗೆ ನಷ್ಟದ ಭಯವೂ ಇತ್ತೆನ್ನಬೇಕು. ಡಿಸೆಂಬರ್ 16ರ ರಾತ್ರಿ 342 ಪೆಟ್ಟಿಗೆಗಳು ಬಾಸ್ಟನ್ನಿನ ನೀರು ಸೇರಿದವು.

ತಪ್ಪು ಮಾಡಿದವರು ಕೆಲವರು. ಶಿಕ್ಷೆ ಇಡೀ ಊರಿಗೆ. 1774ರ ಜೂನಿನಲ್ಲಿ ಬಾಸ್ಟನ್ ಬಂದರನ್ನು ಮುಚ್ಚಿದರು. ಹಡಗುಕಟ್ಟೆಯ ಕೂಲಿಗಳಿಗೂ ನಾವಿಕರಿಗೂ ಕೆಲಸ ಹೋಯಿತು. ಆ ಪ್ರಾಂತದ ಚುನಾಯಿತ ಮಂತ್ರಾಲೋಚನಾ ಸಭೆಯನ್ನು ತೆಗೆದುಹಾಕಿ ದೊರೆಯ ನೇಮಕದವರನ್ನು ಕೂಡಿಸಿದರು. ನಮ್ಮ ಅಭಿಪ್ರಾಯದಲ್ಲಿ ಯುದ್ಧ ನಿಶ್ಚಯವಾದದ್ದು ಇಲ್ಲಿಯೇ. ಇಂದು ಬಾಸ್ಟನ್ನಿಗೆ ಬಂದದ್ದು ನಾಳೆ ನಮಗೂ ಬಂದೀತೆಂದು ಉಳಿದ ವಸಾಹತುಗಳಿಗೆ ಅರಿವಾಯಿತು. ದೂರದ ದಕ್ಷಿಣ ಕೆರೊಲಿನದಿಂದ ಅಕ್ಕಿ ಬಂತು. ಊರೂರಿನ ಪತ್ರವ್ಯವಹಾರ ಸಮಿತಿಗಳು ಸುದ್ದಿ ಮುಟ್ಟಿಸಿದವು. ಸೆಪ್ಟೆಂಬರಿನಲ್ಲಿ ಹನ್ನೆರಡು ವಸಾಹತುಗಳವರು ಫಿಲಡೆಲ್ಫಿಯಾದಲ್ಲಿ ಸೇರಿದರು. ಆಗಲೂ ದೊರೆಗೆ ಅರ್ಜಿಯನ್ನೇ ಕಳಿಸಿದರು.

1775ರ ಏಪ್ರಿಲ್ 19ರಂದು ಮದ್ದುಗುಂಡಿನ ದಾಸ್ತಾನು ಹಿಡಿಯಲು ಹೊರಟ ಸೈನ್ಯಕ್ಕೂ ಹಳ್ಳಿಯವರಿಗೂ ಲೆಕ್ಸಿಂಗ್ಟನ್ನಿನಲ್ಲಿ ಗುಂಡು ಹಾರಿತು. ಇಷ್ಟಾದರೂ ಜುಲೈಯಲ್ಲಿ ಮತ್ತೊಂದು ಅರ್ಜಿ ಹೋಯಿತು. ಮೂರನೆಯ ಜಾರ್ಜ್ ದೊರೆ ಅದನ್ನು ಸ್ವೀಕರಿಸದೆ ಅವರೆಲ್ಲ ದಂಗೆಕೋರರೆಂದು ಸಾರಿಬಿಟ್ಟ.

ದೊರೆ ಒಳ್ಳೆಯವನು, ಮಂತ್ರಿಗಳು ಕೆಟ್ಟವರು ಎಂಬ ನಂಬಿಕೆಯನ್ನು ಒಡೆದವನು ಥಾಮಸ್ ಪೇನ್. ಇವನು ಇಂಗ್ಲೆಂಡಿನ ಅಬಕಾರಿ ಇಲಾಖೆಯ ಚಿಕ್ಕ ನೌಕರ. ತನ್ನಂಥವರ ಸಂಬಳ ಹೆಚ್ಚಿಸಬೇಕೆಂದು 1772ರಲ್ಲಿ ಮನವಿ ಬರೆದ, ಸಂಬಳ ಹೆಚ್ಚಲಿಲ್ಲ. 1774ರಲ್ಲಿ ಕೆಲಸವನ್ನೂ ಕಳೆದುಕೊಂಡು ಅಮೆರಿಕ ಸೇರಿದ. 1776ರ ಜನವರಿಯಲ್ಲಿ ಅವನು ಬರೆದ ‘ಕಾಮನ್ ಸೆನ್ಸ್’ ಎಂಬ ಕಿರುಹೊತ್ತಗೆ, ದೊರೆತನವೇ ಬೇಡವೆಂದು ಸಾಮಾನ್ಯರ ಮಾತಿನಲ್ಲಿ ಹೇಳಿತು. ಆ ವರ್ಷ ಜುಲೈ 4ರ ಸ್ವಾತಂತ್ರ್ಯ ಘೋಷಣೆಯಲ್ಲಿರುವ ದೂರುಗಳ ಪಟ್ಟಿ ದೊರೆಯ ಮೇಲೆಯೇ. ಎಲ್ಲರೂ ಸಮಾನರೆಂದು ಅದು ಸಾರಿದಾಗ ಜನಸಂಖ್ಯೆಯ ಸುಮಾರು ಐದನೆಯ ಒಂದು ಪಾಲು ಗುಲಾಮರಾಗಿದ್ದರು. ಅವರ ಬಿಡುಗಡೆ ದೇಶಕ್ಕೆಲ್ಲ ಅನ್ವಯಿಸಿ ಬಂದದ್ದು 1865ರಲ್ಲಿ.

1778ರಲ್ಲಿ ಫ್ರಾನ್ಸ್ ಅಮೆರಿಕದ ಪಕ್ಷ ಸೇರಿತು. 1782ರಲ್ಲಿ ಫಿಲಡೆಲ್ಫಿಯಾದವರ ಯುದ್ಧದ ಹಡಗೊಂದಕ್ಕೆ ‘ಹೈದರ್ ಅಲಿ’ ಎಂದೇ ಹೆಸರು. ಇಂಗ್ಲಿಷರೊಡನೆ ಕಾದುತ್ತಿದ್ದ ಮೈಸೂರಿನ ಸುದ್ದಿ ಅಷ್ಟು ದೂರ ಮುಟ್ಟಿತ್ತು. 1783ರಲ್ಲಿ ಇಂಗ್ಲೆಂಡು ಸ್ವಾತಂತ್ರ್ಯವನ್ನು ಒಪ್ಪಿತು. 1781ರಲ್ಲಿ ಯಾರ್ಕ್‌ಟೌನಿನಲ್ಲಿ ಶರಣಾದ ಸೇನಾಪತಿ ಕಾರ್ನ್‌ವಾಲಿಸನೇ 1786ರಲ್ಲಿ ಗವರ್ನರ್ ಜನರಲ್ ಆಗಿ ಕಲ್ಕತ್ತೆಗೆ ಬಂದ. 1792ರಲ್ಲಿ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪುವಿನ ಅರ್ಧ ರಾಜ್ಯವನ್ನೂ ಇಬ್ಬರು ಮಕ್ಕಳನ್ನು ಒತ್ತೆಯಾಗಿಯೂ ಪಡೆದವನು ಅವನೇ.