ಹಳೆಯ ವಿಡಿಯೋ ಆಟಗಳಿಗೆ ಅಂಕ ಕೊಡುವ ಬಗೆ

ಉತ್ತರ ಪತ್ರಿಕೆಗಳ ಕಟ್ಟನ್ನು ಮುಂದಿಟ್ಟುಕೊಂಡು, ಕೆಂಪು ಲೇಖನಿ ಹಿಡಿದು ಕುಳಿತ ಮೇಷ್ಟರನ್ನು ನೀವು ಕಂಡೇ ಇರುತ್ತೀರಿ. ನಿಮ್ಮ ಮನೆಯಲ್ಲಿಯೇ ಅಂಥವರೊಬ್ಬರು ಇದ್ದರೂ ಇರಬಹುದು. ಮೂವತ್ತು ವರ್ಷಗಳಿಂದ ಅದೇ ಕಸುಬು ಮಾಡುತ್ತ ಬಂದ ನನಗೆ ಕಳೆದ ಬೇಸಗೆಯ ರಜದಲ್ಲಿ ಬೇರೊಂದು ಬಗೆಯ ಪತ್ರಿಕೆಯನ್ನು ತಿದ್ದುವ ಪ್ರಸಂಗ ಒದಗಿತು. ರಜಕ್ಕೆಂದು ಬಂದಿದ್ದ ತಂಗಿಯ ಮಗ ತನ್ನ ಕಂಪ್ಯೂಟರಿನಲ್ಲಿ ನಲವತ್ತು ವರ್ಷಗಳಿಗೂ ಹಿಂದಿನ ಎರಡು ವಿಡಿಯೋ ಆಟಗಳನ್ನು ತೆರೆದು, "ಮಾವ, ಇವೆರಡನ್ನೂ ಆಡಿ ನೋಡಿ ಮಾರ್ಕ್ಸ್ ಹಾಕಿ. ಒಂದನ್ನು ಎಲ್ಲರೂ ಹೊಗಳುತ್ತಾರೆ. ಇನ್ನೊಂದನ್ನು ಲೋಕದಲ್ಲೇ ಅತಿ ಕೆಟ್ಟ ಆಟ ಅನ್ನುತ್ತಾರೆ" ಎಂದ. ಎರಡನ್ನೂ ಮಾಡಿದವರು ಒಬ್ಬರೇ, ಎರಡೂ ಹೊರಬಂದದ್ದು ಒಂದೇ ವರ್ಷದಲ್ಲಿ ಎಂಬುದನ್ನು ಮಾತ್ರ ಆ ಚೂಟಿ ಹುಡುಗ ಮೊದಲು ಬಾಯಿಬಿಡಲಿಲ್ಲ.

ಹಳೆಯ ಆಟಗಳನ್ನು ಹುಡುಕಿ ಆಡುವುದು, ಆಡಿದ ಮೇಲೆ ಹತ್ತಕ್ಕೆ ಇಷ್ಟು, ನೂರಕ್ಕೆ ಇಷ್ಟು ಎಂದು ಅಂಕವಿಟ್ಟು ನಾಲ್ಕು ಮಾತು ಬರೆಯುವುದು ಈಗ ನಾನಾ ದೇಶಗಳ ಜನರಿಗೆ ಒಂದು ಹವ್ಯಾಸವಾಗಿದೆ. ಮಕ್ಕಳಾಟ ಎಂದು ಇದನ್ನು ತಳ್ಳಿಬಿಡಬೇಡಿ. ನಾಟಕಕ್ಕೆ, ಸಂಗೀತಕ್ಕೆ, ಕಾವ್ಯಕ್ಕೆ ವಿಮರ್ಶೆ ಹುಟ್ಟಿದಂತೆ ಇದಕ್ಕೂ ವಿಮರ್ಶೆ ಹುಟ್ಟುತ್ತಿದೆ. ನಮ್ಮಲ್ಲಿ ನಡೆದ ತಪ್ಪುಗಳೇ ಅಲ್ಲಿಯೂ ನಡೆಯುತ್ತಿವೆ.

ಆ ಎರಡು ಆಟಗಳ ಹೆಸರು 'ಯಾರ್ಸ್ ರಿವೆಂಜ್' ಮತ್ತು 'ಇ.ಟಿ.'. ವರ್ಷ ೧೯೮೨. ರಚಿಸಿದವರು ಅಮೆರಿಕದ ಅಟಾರಿ ಸಂಸ್ಥೆಯಲ್ಲಿದ್ದ ಹಾವರ್ಡ್ ಸ್ಕಾಟ್ ವಾರ್‌ಶಾ. ಎರಡನ್ನೂ ಆಡುತ್ತಿದ್ದುದು ೧೯೭೭ರಲ್ಲಿ ಮಾರುಕಟ್ಟೆಗೆ ಬಂದ, ಮನೆಯ ಟೆಲಿವಿಷನ್ನಿಗೆ ಜೋಡಿಸುವ ಅಟಾರಿ ೨೬೦೦ ಎಂಬ ಪೆಟ್ಟಿಗೆಯಲ್ಲಿ. ಈ ಪೆಟ್ಟಿಗೆಯ ಬಡತನವನ್ನು ಅರಿಯದೆ ಆಟಕ್ಕೆ ಬೆಲೆ ಕಟ್ಟಲು ಹೊರಡುವುದು, ಛಂದಸ್ಸನ್ನು ತಿಳಿಯದೆ ಕಂದಪದ್ಯವನ್ನು ಹಳಿದಂತೆ. ಆದ್ದರಿಂದ ಸ್ವಲ್ಪ ವಿವರಿಸುತ್ತೇನೆ.

ಆ ಯಂತ್ರದ ನೆನಪಿನ ಶಕ್ತಿ ೧೨೮ ಬೈಟು. ಇಂದಿನ ಕಂಪ್ಯೂಟರುಗಳಲ್ಲಿ ಕನ್ನಡದ ಒಂದೊಂದು ಅಕ್ಷರಚಿಹ್ನೆಗೂ ಸಾಮಾನ್ಯವಾಗಿ ೩ ಬೈಟು ಬೇಕು. ಒತ್ತು, ಗುಣಿತಗಳಿಗೆ ಬೇರೆ ಲೆಕ್ಕ. ನೀವು ಈಗ ಓದುತ್ತಿರುವ ಈ ಒಂದು ವಾಕ್ಯವೇ ಆ ನೆನಪಿನೊಳಗೆ ಹಿಡಿಸದು! ಚಿತ್ರವನ್ನು ಪೂರ್ತಿಯಾಗಿ ಬರೆದಿಟ್ಟುಕೊಳ್ಳಲು ಅಲ್ಲಿ ಸ್ಥಳವೇ ಇಲ್ಲ. ಟೆಲಿವಿಷನ್ನಿನ ಕಿರಣ ಪರದೆಯ ಮೇಲೆ ಸಾಲು ಸಾಲಾಗಿ ಓಡುತ್ತದೆ. ಅದು ಒಂದು ಸಾಲನ್ನು ಮುಗಿಸುವಷ್ಟರಲ್ಲಿ ಮುಂದಿನ ಸಾಲಿಗೆ ಏನು ಬೇಕೆಂಬುದನ್ನು ಆಟದ ಕ್ರಮವಿಧಿ ಸಿದ್ಧಪಡಿಸಿ ಕೊಡಬೇಕು. ಹೀಗೆ ಸೆಕೆಂಡಿಗೆ ೬೦ ಸಲ ಇಡೀ ಪರದೆಯನ್ನು ತುಂಬಬೇಕು. ನಡುವೆ ಸಿಕ್ಕ ಬಿಡುವಿನಲ್ಲಿ ಗೆದ್ದವರಾರು, ಸತ್ತವರಾರು ಎಂಬ ಲೆಕ್ಕ ಹಾಕಬೇಕು. ಎಂಟು ಕಡೆಯಿಂದ ಪ್ರಶ್ನೆ ಬೀಳುತ್ತಿರುವಾಗ ಪದ್ಯವನ್ನೂ ಹೊಸೆಯುವ ಅವಧಾನಿಯ ಪಾಡು ಅದು.

ಇನ್ನು 'ಯಾರ್ಸ್ ರಿವೆಂಜ್'. ಜನ ನಾಣ್ಯ ಹಾಕಿ ಆಡುತ್ತಿದ್ದ 'ಸ್ಟಾರ್ ಕ್ಯಾಸಲ್' ಎಂಬ ಆಟವನ್ನು ಮನೆಯ ಪೆಟ್ಟಿಗೆಗೆ ಇಳಿಸಿಕೊಡಿ ಎಂದು ವಾರ್‌ಶಾ ಅವರಿಗೆ ಕೆಲಸ ಒಪ್ಪಿಸಿದ್ದರಂತೆ. ಹಾಗೆಯೇ ಇಳಿಸಿದರೆ ಕೆಡುತ್ತದೆಂದು ಕಂಡ ಅವರು ಅದರ ಸಾರವನ್ನು ಮಾತ್ರ ಇಟ್ಟುಕೊಂಡು ಹೊಸದನ್ನು ಕಟ್ಟಿದರು. ನೀವು ಅದರಲ್ಲಿ ಒಂದು ಕೀಟ. ಶತ್ರುವಿನ ಗೋಡೆಯನ್ನು ಕೊರೆದು ತಿಂದು, ಫಿರಂಗಿಗೆ ಗುರಿಯೊಪ್ಪಿಸಿ, ಅದೇ ಫಿರಂಗಿಯ ಗುಂಡಿನಿಂದ ನೀವೂ ತಪ್ಪಿಸಿಕೊಳ್ಳಬೇಕು. ಪರದೆಯ ನಡುವೆ ಬಣ್ಣಬಣ್ಣವಾಗಿ ಮಿನುಗುವ ಒಂದು ಪಟ್ಟಿಯುಂಟು. ಅದನ್ನು ಬರೆಯಲು ಬೇರೆ ಚಿತ್ರಕ್ಕೆ ಸ್ಥಳವಿರಲಿಲ್ಲವಾಗಿ, ಆಟದ ಕ್ರಮವಿಧಿಯ ಅಂಕೆಗಳನ್ನೇ ಬಣ್ಣವಾಗಿ ಪರದೆಗೆ ಸುರಿದಿದ್ದಾರೆ! ಸಂಸ್ಕೃತದ ಕಥೆಯನ್ನು ಪದಕ್ಕೆ ಪದವಿಡದೆ ತನ್ನದಾಗಿಸಿಕೊಂಡ ಕನ್ನಡ ಕವಿಯ ನೆನಪು ನನಗೆ ಬಂತು. ಇದಕ್ಕೆ ನಾನು ಎಂಟು ಅಂಕ ಹಾಕಿದೆ.

'ಇ.ಟಿ.' ಆಡಿದಾಗ ಮಾತ್ರ ಮುಖ ಹುಳ್ಳಗಾಯಿತು. ಸ್ಪೀಲ್‌ಬರ್ಗ್ ಅವರ ಪ್ರಸಿದ್ಧ ಚಲನಚಿತ್ರದ ಆ ಅನ್ಯಲೋಕದ ಜೀವಿ ದೂರವಾಣಿಯ ಮೂರು ತುಂಡುಗಳನ್ನು ಕೂಡಿಸಿಕೊಂಡು ತನ್ನವರನ್ನು ಕರೆಯಬೇಕು. ತುಂಡುಗಳಿರುವುದು ಗುಂಡಿಗಳಲ್ಲಿ. ಕಾಲು ಗಟ್ಟಿ ನೆಲದ ಮೇಲಿದ್ದರೂ ತಲೆಯ ಅಂಚು ಗುಂಡಿಯ ಚಿತ್ರಕ್ಕೆ ತಾಗಿದರೆ ಸಾಕು, ಜೀವಿ ಒಳಗೆ ಬೀಳುತ್ತದೆ. ಕತ್ತು ಚಾಚಿ, ತೇಲಿ ಮೇಲೆ ಬಂದರೆ ಮರುಗಳಿಗೆಯೇ ಮತ್ತೆ ಗುಂಡಿ. ಅರ್ಧ ಗಂಟೆಯಲ್ಲಿ ನಾನು ಎಷ್ಟು ಸಲ ಬಿದ್ದೆನೋ ಲೆಕ್ಕವಿಲ್ಲ. "ಎರಡು" ಎಂದು ಬರೆಯುವುದರಲ್ಲಿದ್ದೆ. ಆಗ ಹುಡುಗ ಮಿಕ್ಕ ಕಥೆಯನ್ನು ಹೇಳಿದ. ಚಿತ್ರದ ಹಕ್ಕಿನ ಮಾತುಕತೆ ಮುಗಿಯುವ ಹೊತ್ತಿಗೆ ೧೯೮೨ರ ಜುಲೈ ಕೊನೆಯಾಗಿತ್ತು. ಕ್ರಿಸ್ಮಸ್ ಹಬ್ಬಕ್ಕೆ ಅಂಗಡಿಯಲ್ಲಿರಬೇಕಾದರೆ ಸೆಪ್ಟೆಂಬರ್ ೧ಕ್ಕೆ ಆಟ ಸಿದ್ಧವಾಗಬೇಕು. ಆರು ತಿಂಗಳಾದರೂ ಹಿಡಿಯುವ ಕೆಲಸಕ್ಕೆ ದೊರೆತದ್ದು ಸುಮಾರು ೫ ವಾರ. ಒಬ್ಬರೇ ಮನುಷ್ಯ, ಮನೆಗೇ ಯಂತ್ರ ತರಿಸಿಕೊಂಡು, ಹಗಲಿರುಳೆನ್ನದೆ ದುಡಿದು ಗಡುವಿನೊಳಗೆ ಮುಗಿಸಿಕೊಟ್ಟರು.

ಇಲ್ಲಿ ನನಗೆ ಒಂದು ಹಳೆಯ ಸಂಗತಿ ನೆನಪಾಗಿ ಮನಸ್ಸು ಚುಚ್ಚಿತು. ಬಹಳ ಹಿಂದೆ, ಒಂದು ಅರ್ಧವಾರ್ಷಿಕ ಪರೀಕ್ಷೆಯಲ್ಲಿ, ಒಬ್ಬ ಹುಡುಗನ ಪತ್ರಿಕೆಗೆ ೫೦ಕ್ಕೆ ೧೪ ಹಾಕಿ, ತರಗತಿಯಲ್ಲಿ ನಾಲ್ಕು ಜನರೆದುರು "ನಿನಗೆ ಕನ್ನಡ ಹತ್ತದು" ಎಂದುಬಿಟ್ಟೆ. ಬಸ್ಸು ಕೆಟ್ಟು, ಅವನು ಪರೀಕ್ಷೆಯ ಕೊಠಡಿಗೆ ಬಂದದ್ದು ಇನ್ನು ಮುಕ್ಕಾಲು ಗಂಟೆ ಉಳಿದಿದೆ ಎನ್ನುವಾಗ ಎಂದು ಆಮೇಲೆ ತಿಳಿಯಿತು. ಅಂಕ ತಪ್ಪಲ್ಲ, ಬರೆದಿದ್ದುದು ೧೪ರಷ್ಟೇ. ಆದರೆ ಪತ್ರಿಕೆಗೆ ಕೊಟ್ಟ ಅಂಕವನ್ನು ನಾನು ಹುಡುಗನಿಗೆ ಅಂಟಿಸಿದ್ದೆ. ಆಮೇಲೆ ಕರೆದು ಮಾತನಾಡಿಸಿದೆ. ಅವನು ತಲೆಯಾಡಿಸಿದ, ಅಷ್ಟೆ. ವಾರ್‌ಶಾ ಅವರಿಗೆ ನಡೆದದ್ದೂ ಇದೇ. ಆಟವನ್ನು ಹಳಿದವರು ನ್ಯಾಯವಾಗಿಯೇ ಹಳಿದರು. ಆದರೆ ೧೯೮೩ರಲ್ಲಿ ಅಮೆರಿಕದ ವಿಡಿಯೋ ಆಟಗಳ ವ್ಯಾಪಾರವೇ ಕುಸಿದಾಗ, ಆ ಪತನವನ್ನೆಲ್ಲ ಈ ಒಂದು ಆಟದ ತಲೆಗೆ ಕಟ್ಟಿದವರೂ ಉಂಟು. ಅಳತೆ ಮೀರಿ ತಯಾರಾಗಿ, ಅಂಗಡಿಗಳಲ್ಲಿ ಕೊಳೆಯುತ್ತಿದ್ದ ನೂರಾರು ಕಳಪೆ ಆಟಗಳನ್ನು ಅವರು ಮರೆತರು.

ಹಳೆಯ ಆಟವನ್ನು ಅಳೆಯುವವರು ಕೇಳಿಕೊಳ್ಳಬೇಕಾದ ಇನ್ನೊಂದು ಪ್ರಶ್ನೆ, ಆಡಿದ್ದು ಯಾವ ಪಾಠ ಎಂಬುದು. ಓಲೆಗರಿಯ ಪ್ರತಿಗಳಲ್ಲಿ ಪಾಠಾಂತರವಿರುವಂತೆ ಇಲ್ಲಿಯೂ ಇದೆ. ೧೯೮೦ರಲ್ಲಿ ಜಪಾನಿನ ನಾಮ್ಕೋ ಸಂಸ್ಥೆ ತಂದ 'ಪ್ಯಾಕ್‌ಮನ್' ಅಚ್ಚುಕಟ್ಟಾದ ಆಟ. ಅದನ್ನೇ ೧೯೮೨ರಲ್ಲಿ ಅಟಾರಿ ೨೬೦೦ಕ್ಕೆ ಇಳಿಸಿದಾಗ ನಾಲ್ಕು ಭೂತಗಳನ್ನು ಒಟ್ಟಿಗೆ ತೋರಿಸಲು ಯಂತ್ರಕ್ಕೆ ಕೈಲಾಗದೆ, ಒಂದಾದ ಮೇಲೊಂದರಂತೆ ಸರದಿಯಲ್ಲಿ ತೋರಿಸಬೇಕಾಯಿತು. ಭೂತಗಳು ಮಿಣಮಿಣನೆ ಮಿನುಗಿದವು. 'ಪ್ಯಾಕ್‌ಮನ್‌ಗೆ ಮೂರು ಅಂಕ' ಎಂದು ಬರೆದವರು ಯಾವ ಪ್ರತಿಗೆ ಕೊಟ್ಟರೆಂದು ಹೇಳದಿದ್ದರೆ ಆ ಮೂರಕ್ಕೆ ಅರ್ಥವಿಲ್ಲ. ಹಳೆಯ ಯಂತ್ರವನ್ನು ಹೊಸ ಕಂಪ್ಯೂಟರಿನೊಳಗೆ ಅನುಕರಿಸುವ ಎಮ್ಯುಲೇಟರ್ ಎಂಬ ಸಾಧನದಲ್ಲಿ ಆಡಿದರಂತೂ, ಹಳೆಯ ಟೆಲಿವಿಷನ್ನಿನ ಮೆದುವಾದ ಹೊಳಪಾಗಲಿ ಕೋಲಿನ ಬಿಗುವಾಗಲಿ ದೊರೆಯದು. ಹಾಗೆಂದು ಎಮ್ಯುಲೇಟರನ್ನು ಜರೆಯುವುದು ಸಲ್ಲ. ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ ೨೦೨೩ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಆ ದೇಶದಲ್ಲಿ ೨೦೧೦ಕ್ಕೆ ಮೊದಲು ಹೊರಬಂದ ಆಟಗಳಲ್ಲಿ ನೂರಕ್ಕೆ ೮೭ರಷ್ಟು ಮಾರಾಟದಲ್ಲಿಯೇ ಇರಲಿಲ್ಲ. ಮುದ್ರಣ ನಿಂತ ಪುಸ್ತಕವನ್ನು ಕೈಬರಹದ ಪ್ರತಿಯಲ್ಲಾದರೂ ಓದಬೇಡವೇ?

ಅಂಕಗಳ ಬಗೆಗೂ ಒಂದು ಮಾತು. ಜಪಾನಿನಲ್ಲಿ ೧೯೮೬ರಲ್ಲಿ ಆರಂಭವಾದ 'ಫಾಮಿತ್ಸು' ಪತ್ರಿಕೆಯಲ್ಲಿ ನಾಲ್ವರು ವಿಮರ್ಶಕರು ತಲಾ ಹತ್ತರಂತೆ ೪೦ಕ್ಕೆ ಅಂಕವಿಡುವ ಪದ್ಧತಿ ಬೆಳೆಯಿತು. ಮೊದಲ ಬಾರಿಗೆ ಪೂರ್ಣಾಂಕ ಬಂದದ್ದು ೧೯೯೮ರಲ್ಲಿ, 'ಒಕರಿನಾ ಆಫ್ ಟೈಮ್' ಎಂಬ ಆಟಕ್ಕೆ. ನಾಲ್ವರ ಅಂಕ ಬೇರೆ ಬೇರೆ ಕಾಣುವುದರಿಂದ ಯಾರು ಒಪ್ಪಿದರು, ಯಾರು ಒಪ್ಪಲಿಲ್ಲ ಎಂಬುದು ಓದುಗನಿಗೆ ತಿಳಿಯುತ್ತದೆ. ಈ ಕ್ರಮ ನನಗೆ ಹಿಡಿಸಿತು. ೨೦೦೧ರಲ್ಲಿ ಆರಂಭವಾದ 'ಮೆಟಾಕ್ರಿಟಿಕ್' ಹಲವು ವಿಮರ್ಶೆಗಳನ್ನು ಕೂಡಿಸಿ ನೂರಕ್ಕೆ ಒಂದು ಸರಾಸರಿ ಕೊಡುತ್ತದೆ. ಕೆಲವರ ಮಾತಿಗೆ ಹೆಚ್ಚು ತೂಕ, ಕೆಲವರದಕ್ಕೆ ಕಡಿಮೆ. ಆ ತೂಕ ಎಷ್ಟೆಂಬುದನ್ನು ಮಾತ್ರ ಹೊರಗೆಡಹುವುದಿಲ್ಲ. ನಮ್ಮ ಮೌಲ್ಯಮಾಪನ ಕೇಂದ್ರದಲ್ಲಿ ಯಾರಾದರೂ ಹೀಗೆ ಮಾಡಿದರೆ ತಂದೆತಾಯಿಗಳು ಬಾಗಿಲಿಗೇ ಬರುತ್ತಾರೆ! ಸಾಮಾನ್ಯ ಓದುಗರು ಕೊಡುವ ಅಂಕಗಳಿಗೆ ಬೇರೆಯದೇ ದೋಷವಿದೆ. ಬಾಲ್ಯದಲ್ಲಿ ಅಣ್ಣತಮ್ಮಂದಿರೊಡನೆ ಆಡಿದ್ದಕ್ಕೆ ಹತ್ತು, ಇತರರು ನಕ್ಕರೆಂದು ತಾನು ಆಡದೆಯೇ ಒಂದು. ನಡುವಿನ ಅಂಕಗಳು ಬಡವಾಗುತ್ತವೆ.

'ಇ.ಟಿ.'ಯ ಕಥೆ ಅಲ್ಲಿಗೇ ಮುಗಿಯಲಿಲ್ಲ. ಮಾರಾಟವಾಗದ ಸರಕನ್ನು ೧೯೮೩ರ ಸೆಪ್ಟೆಂಬರಿನಲ್ಲಿ ನ್ಯೂ ಮೆಕ್ಸಿಕೋ ಪ್ರಾಂತದ ಅಲಮೊಗಾರ್ಡೊ ಊರಿನ ಕಸದ ಹಳ್ಳಕ್ಕೆ ಸುರಿದು, ಮೇಲೆ ಕಾಂಕ್ರೀಟು ಹಾಕಿದರು. ಅದು ಕಟ್ಟುಕಥೆಯೆಂದೇ ಹಲವರು ನಂಬಿದ್ದರು. ೨೦೧೪ರ ಏಪ್ರಿಲ್ ೨೬ರಂದು ಅಗೆದಾಗ ಕಾರ್ಟ್ರಿಜ್‌ಗಳು ಹೊರಬಂದವು. ಹೊರತೆಗೆದವು ಸುಮಾರು ೧,೩೦೦. ಅವುಗಳಲ್ಲಿ 'ಇ.ಟಿ.' ಒಂದು ಪಾಲು ಮಾತ್ರ. ಜನ ಮೆಚ್ಚಿ ಕೊಂಡಿದ್ದ ಬೇರೆ ಆಟಗಳೂ ಅದೇ ಗುಂಡಿಯಲ್ಲಿ ಮಲಗಿದ್ದವು. ವಾರ್‌ಶಾ ಅವರು ಅಲ್ಲಿಗೆ ಬಂದು, ನೆರೆದವರ ನಡುವೆ ನಿಂತು ನೋಡಿದರು. ಅದಕ್ಕೂ ಒಂದು ವರ್ಷ ಮೊದಲು ಒಬ್ಬ ಅಭಿಮಾನಿ ಆಟದ ಮೂಲವನ್ನೇ ಶೋಧಿಸಿ, ಕಾಲು ತಾಗಿದರೆ ಮಾತ್ರ ಬೀಳುವಂತೆ ತಿದ್ದಿದ್ದ. ಗ್ರಂಥಸಂಪಾದನೆ ಎಂದರೆ ಇದೇ ಅಲ್ಲವೆ? ಹಾಗೆ ತಿದ್ದಬೇಕಾದುದು ಎಷ್ಟು ಕಡಿಮೆಯಿತ್ತು ಎಂಬುದೇ ನನಗೆ ಆಶ್ಚರ್ಯ.

ಮರುದಿನ ಬೆಳಗ್ಗೆ ಹುಡುಗ ಆಟದೊಡನೆ ಬರುತ್ತಿದ್ದ ಕೈಪಿಡಿಯ ಪ್ರತಿಯೊಂದನ್ನು ತಂದುಕೊಟ್ಟ. ಯಾವ ಸ್ಥಳದಲ್ಲಿ ಯಾವ ಗುರುತು ಮೂಡಿದರೆ ಏನು ಮಾಡಬೇಕೆಂಬುದೆಲ್ಲ ಅದರಲ್ಲಿದೆ. ಆ ಕಾಲದಲ್ಲಿ ಪರದೆಯಲ್ಲಿ ಹಿಡಿಸದುದನ್ನು ಕಾಗದದಲ್ಲಿ ಅಚ್ಚುಹಾಕಿ ಕೊಡುತ್ತಿದ್ದರು. ಟೀಕೆಯಿಲ್ಲದೆ ಮೂಲಕ್ಕೆ ಕೈಹಾಕಿದ್ದು ನನ್ನದೇ ತಪ್ಪು. ಓದಿಕೊಂಡು ಕುಳಿತೆ. ಮಧ್ಯಾಹ್ನದ ಊಟದೊಳಗೆ ದೂರವಾಣಿಯ ಮೂರು ತುಂಡೂ ಸಿಕ್ಕಿ, ಜೀವಿ ತನ್ನ ಮನೆಗೆ ಹೊರಟಿತು. ಗುಂಡಿಯ ಕಾಟ ಆಗಲೂ ತಪ್ಪಲಿಲ್ಲ. ಹತ್ತಕ್ಕೆ ನಾಲ್ಕು ಬರೆದು, ಪಕ್ಕದಲ್ಲಿ 'ಐದು ವಾರ, ಒಬ್ಬರೇ. ಕೈಪಿಡಿ ಓದಿ ಆಡಿದ್ದು. ಎಮ್ಯುಲೇಟರಿನಲ್ಲಿ' ಎಂದು ಷರಾ ಹಾಕಿದೆ. ಹುಡುಗನೂ ತನ್ನ ಎರಡನ್ನು ಮೂರಕ್ಕೆ ಏರಿಸಿದ. ಇನ್ನೊಂದಂಕ ಕೊಡೋ ಎಂದರೆ, "ಐದು ವಾರ ಆದ್ರೇನು ಮಾವ, ಬಿದ್ದಿದ್ದು ನಾನು ತಾನೆ" ಎಂದ.