ಬೆಟ್ಟವನ್ನು ಒಂದೇ ಉಸಿರಿಗೆ ಏರಬೇಕಿಲ್ಲ
ನಡುವಯಸ್ಸಿನಲ್ಲಿ ಬಿರುಸಿನ ವ್ಯಾಯಾಮ ಆರಂಭಿಸುವವರಿಗೆ ಕೆಲವು ಮಾತು

ಕಲ್ಲತ್ತಿಗಿರಿಯಲ್ಲಿ ವೀರಭದ್ರಸ್ವಾಮಿಯ ದರ್ಶನ ಮಾಡಿ, ಅಲ್ಲಿಂದ ಕೆಮ್ಮಣ್ಣುಗುಂಡಿಗೆ ಏರಿಹೋಗುವುದು ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ಕುಟುಂಬಗಳಿಗೆ ಪ್ರಿಯವಾದ ಪ್ರವಾಸ. ಸಮುದ್ರಮಟ್ಟದಿಂದ 1434 ಮೀಟರ್ ಎತ್ತರದ ಈ ಗಿರಿಧಾಮವು ಒಂದು ಕಾಲಕ್ಕೆ ನಾಲ್ವಡಿ ಕೃಷ್ಣರಾಜ ಒಡೆಯರ ಬೇಸಿಗೆಯ ವಿಶ್ರಾಂತಿಧಾಮವಾಗಿತ್ತು. ಕಳೆದ ಬಾರಿ ನಾವು ನಾಲ್ಕಾರು ಮನೆಯವರು ಕೂಡಿ ಅಲ್ಲಿಗೆ ಹೋಗಿದ್ದೆವು. ಮಂಜು ಸರಿಯುತ್ತಿದ್ದಂತೆ ಝಡ್ ಪಾಯಿಂಟ್‌ನ ಕಡಿದಾದ ಹಾದಿ ಹಿಡಿದೆವು.

ಹುಡುಗರು ಮುಂದೆ ಓಡಿದರು. ಅವರ ಬೆನ್ನಿಗೇ ಹೊರಟವರು ನಮ್ಮ ಬಂಧುವೊಬ್ಬರು. ವಯಸ್ಸು 49, ಅಂಗಡಿಯಲ್ಲಿ ಕುಳಿತು ಮಾಡುವ ಕಾಯಕ. ಎರಡು ವಾರದ ಹಿಂದಷ್ಟೇ ಪಟ್ಟಣದಲ್ಲಿ ಬಿರುಸಿನ ಗುಂಪು ವ್ಯಾಯಾಮದ ತರಬೇತಿಗೆ ಸೇರಿದ್ದರು. ಅರ್ಧ ದಾರಿಯಲ್ಲಿ ಅವರು ನಿಂತು, ಶೂ ದಾರ ಕಟ್ಟಿಕೊಳ್ಳುವವರಂತೆ ಬಗ್ಗಿದರು. ಮುಖದ ಮೇಲೆ ತಣ್ಣನೆಯ ಬೆವರಿತ್ತು. ಕೇಳಿದರೆ, “ಏನಿಲ್ಲ ಅಣ್ಣ, ಗ್ಯಾಸ್ಟ್ರಿಕ್ ಇರಬೇಕು” ಎಂದರು. ಒತ್ತಾಯಿಸಿ ಜೀಪಿನಲ್ಲಿ ಇಳಿಸಿ ಆಸ್ಪತ್ರೆಗೆ ಕರೆದೊಯ್ದೆವು. ಹೃದಯದ ರಕ್ತನಾಳವೊಂದು ಬಹಳ ಕಿರಿದಾಗಿದೆ ಎಂದು ಮುಂದಿನ ಪರೀಕ್ಷೆಯಲ್ಲಿ ತಿಳಿಯಿತು. ತರಬೇತಿಯ ವೇಳೆಯಲ್ಲೂ ಎರಡು ಬಾರಿ ಹೀಗಾಗಿತ್ತಂತೆ. ಹತ್ತು ಜನರ ನಡುವೆ ತಾನೊಬ್ಬನೇ ನಿಲ್ಲುವುದು ಹೇಗೆಂದು ಅವರು ಸಂಕೋಚಪಟ್ಟು ಸುಮ್ಮನಿದ್ದರು. ಆ ಸಂಕೋಚವೇ ನಮ್ಮನ್ನು ಈ ಲೇಖನಕ್ಕೆ ಪ್ರೇರೇಪಿಸಿತು.

ವ್ಯಾಯಾಮವೇ ಅಪಾಯವೇ?

ನಟ ಪುನೀತ್ ರಾಜ್‌ಕುಮಾರ್ ಅವರು 2021ರ ಅಕ್ಟೋಬರ್ 29ರಂದು, 46ನೆಯ ವಯಸ್ಸಿನಲ್ಲಿ, ಹಠಾತ್ತಾಗಿ ಅಗಲಿದಾಗ ನಾಡಿನ ಅನೇಕರು ವ್ಯಾಯಾಮಕ್ಕೇ ಹೆದರಿದರು. ಆ ಭಯ ಸರಿಯಲ್ಲ. ನಿತ್ಯ ಶ್ರಮಪಡುವ ದೇಹಕ್ಕೆ ಹೃದ್ರೋಗ, ಮಧುಮೇಹ, ರಕ್ತದೊತ್ತಡಗಳ ಭಯ ಕಡಿಮೆ. ಆದರೆ ಕಟ್ಟುಮಸ್ತಾಗಿ ಕಾಣುವ ದೇಹದಲ್ಲಿಯೂ ರೋಗ ಅಡಗಿರಬಹುದು ಎಂಬ ಎಚ್ಚರ ಬೇಕು.

ಅಮೆರಿಕದಲ್ಲಿ 1993ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಈ ವಿಷಯದಲ್ಲಿ ಬೆಳಕು ಚೆಲ್ಲುತ್ತದೆ. ಭಾರಿ ಶ್ರಮದ ಮರುಗಳಿಗೆಯಲ್ಲಿ ಹೃದಯಾಘಾತದ ಸಾಧ್ಯತೆ ಎಲ್ಲರಲ್ಲಿಯೂ ಸ್ವಲ್ಪ ಹೊತ್ತು ಏರುತ್ತದೆ. ಆದರೆ ಶ್ರಮದ ರೂಢಿಯೇ ಇಲ್ಲದವರಲ್ಲಿ ಆ ಏರಿಕೆ ಅತ್ಯಧಿಕ, ವಾರಕ್ಕೆ ಐದು ದಿನವಾದರೂ ಶ್ರಮಿಸುವವರಲ್ಲಿ ಬಹಳ ಕಡಿಮೆ. ಅಂದರೆ ಅಪಾಯವಿರುವುದು ಶ್ರಮದಲ್ಲಲ್ಲ, ರೂಢಿಯಿಲ್ಲದೆ ಒಮ್ಮೆಲೇ ಧುಮುಕುವುದರಲ್ಲಿ.

ಈಗ ಪ್ರಚಾರದಲ್ಲಿರುವ ‘ತಬಾಟಾ’ ಕ್ರಮವನ್ನೇ ನೋಡೋಣ: 20 ಸೆಕೆಂಡು ಪೂರ್ಣ ಬಲದ ಶ್ರಮ, 10 ಸೆಕೆಂಡು ವಿಶ್ರಾಂತಿ, ಹೀಗೆ ಎಂಟು ಸುತ್ತು. ಜಪಾನಿನ ಇಜುಮಿ ತಬಾಟಾ ಅವರು ಇದರ ಫಲವನ್ನು 1996ರಲ್ಲಿ ಪ್ರಕಟಿಸಿದರು. ಆದರೆ ಆ ಪ್ರಯೋಗದಲ್ಲಿದ್ದವರು ದೈಹಿಕ ಶಿಕ್ಷಣದ ಯುವ ವಿದ್ಯಾರ್ಥಿಗಳು, ಇಪ್ಪತ್ತು ವರ್ಷ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವರಲ್ಲ!

ನಮ್ಮ ಹಿರಿಯರ ವಿವೇಕ

ಈ ವಿವೇಕ ನಮ್ಮ ಪರಂಪರೆಗೆ ಹೊಸದಲ್ಲ. ಗರಡಿಮನೆಯಲ್ಲಿ ಹೊಸಬನನ್ನು ಮೊದಲ ದಿನವೇ ಅಖಾಡಕ್ಕೆ ಇಳಿಸುತ್ತಿರಲಿಲ್ಲ. ವೀರಭದ್ರನ ಹೆಸರಿನಲ್ಲಿ ನಡೆಯುವ ವೀರಗಾಸೆಯೂ ಗುಂಪಿನ ಬಿರುಸಿನ ಶ್ರಮವೇ ಅಲ್ಲವೇ? ತಾಳ ಏರಿದಂತೆ ಕುಣಿತವೂ ಏರುತ್ತದೆ. ಆದರೆ ಆ ಕಲಾವಿದರ ಕಾಲುಗಳಲ್ಲಿ ವರ್ಷಗಳ ಅಭ್ಯಾಸವಿದೆ. ಒಮ್ಮೆ ನೋಡಿ ಮೆಚ್ಚಿದ ಮಾತ್ರಕ್ಕೆ ಐವತ್ತರ ವಯಸ್ಸಿನಲ್ಲಿ ಯಾರೂ ಮರುದಿನವೇ ವೇಷ ಕಟ್ಟುವುದಿಲ್ಲ.

ಆರಂಭಕ್ಕೆ ಮುನ್ನ

ನಲವತ್ತು ದಾಟಿದವರು ಮೊದಲು ವೈದ್ಯರನ್ನು ಕಂಡು ರಕ್ತದೊತ್ತಡ, ಸಕ್ಕರೆ, ಕೊಲೆಸ್ಟರಾಲ್ ಪರೀಕ್ಷಿಸಿಕೊಳ್ಳಬೇಕು. ತಂದೆ ಅಥವಾ ಅಣ್ಣತಮ್ಮಂದಿರಿಗೆ 55ರೊಳಗೆ, ತಾಯಿ ಅಥವಾ ಅಕ್ಕತಂಗಿಯರಿಗೆ 65ರೊಳಗೆ ಹೃದ್ರೋಗ ಬಂದಿದ್ದರೆ ಮರೆಯದೆ ತಿಳಿಸಬೇಕು. ಧೂಮಪಾನ, ತಂಬಾಕಿನ ಅಭ್ಯಾಸವನ್ನು ಮುಚ್ಚಿಡಬಾರದು. ಸುಮ್ಮನೆ ಮಲಗಿದ್ದಾಗ ತೆಗೆದ ಇಸಿಜಿ ಸರಿಯಿದ್ದರೂ ನಾಳದೊಳಗಿನ ತೊಂದರೆ ಕಾಣದಿರಬಹುದು. ಟ್ರೆಡ್‌ಮಿಲ್ ಪರೀಕ್ಷೆ ಬೇಕೇ ಎಂಬುದನ್ನು ವೈದ್ಯರೇ ನಿರ್ಧರಿಸಲಿ.

ಮೆಟ್ಟಿಲು ಮೆಟ್ಟಿಲಾಗಿ

ಮೊದಲ ನಾಲ್ಕು ವಾರ ಕೇವಲ ನಡಿಗೆ: ದಿನಕ್ಕೆ 30 ನಿಮಿಷ, ವಾರಕ್ಕೆ ಐದು ದಿನ. ವಿಶ್ವ ಆರೋಗ್ಯ ಸಂಸ್ಥೆ ಕನಿಷ್ಠವೆಂದು ಹೇಳುವ ವಾರದ 150 ನಿಮಿಷ ಇಷ್ಟರಲ್ಲೇ ತುಂಬುತ್ತದೆ. ನಡೆಯುತ್ತಾ ಮಾತನಾಡಲು ಆಗಬೇಕು, ಹಾಡಲು ಆಗಬಾರದು. ಅದೇ ಹದ. ಮುಂದಿನ ನಾಲ್ಕು ವಾರ ಸ್ವಲ್ಪ ಏರು ದಾರಿ, ಕುರ್ಚಿಯಿಂದ ಎದ್ದು ಕೂರುವ ಅಭ್ಯಾಸ, ಗೋಡೆಗೆ ಕೈಯೂರಿ ತಳ್ಳುವ ಅಭ್ಯಾಸ ಸೇರಲಿ.

ಆ ಬಳಿಕವೇ ಗುಂಪು ತರಬೇತಿ. ಅದೂ ವಾರಕ್ಕೆ ಎರಡು ದಿನ, ನಡುವೆ ಬಿಡುವಿರಲಿ. ಹತ್ತು ನಿಮಿಷ ಮೈ ಬಿಸಿ ಮಾಡಿಕೊಂಡು, ಅರ್ಧ ನಿಮಿಷ ಬಿರುಸು, ಒಂದೂವರೆ ನಿಮಿಷ ನಿಧಾನ, ಹೀಗೆ ನಾಲ್ಕು ಸುತ್ತಿಗೆ ಮೊದಲು ತೃಪ್ತರಾಗಿ. ಜಿಗಿಯುವ ಕಡೆ ಹೆಜ್ಜೆ ಇಟ್ಟರೆ ಮೊಣಕಾಲು ಉಳಿಯುತ್ತದೆ. ಕೊನೆಯಲ್ಲಿ ಥಟ್ಟನೆ ನಿಲ್ಲದೆ ನಿಧಾನವಾಗಿ ಇಳಿಯಿರಿ. ಜ್ವರವಿದ್ದ ದಿನ ರಜೆ ಇರಲಿ. ಮಧುಮೇಹಕ್ಕೆ ಔಷಧ ತೆಗೆದುಕೊಳ್ಳುವವರು ಜೇಬಿನಲ್ಲಿ ಸಕ್ಕರೆ ಇಟ್ಟುಕೊಳ್ಳಲಿ. ಒತ್ತಡದ ಮಾತ್ರೆಯನ್ನು ವ್ಯಾಯಾಮದ ನೆಪದಲ್ಲಿ ತಾವಾಗಿ ಬಿಡಬಾರದು.

ತರಬೇತುದಾರರಿಗೆ ನಿಮ್ಮ ವಯಸ್ಸು, ಕಾಯಿಲೆ, ಔಷಧಗಳನ್ನು ಮೊದಲ ದಿನವೇ ಹೇಳಿ. ಕೇಳದೆಯೇ ಎಲ್ಲರನ್ನೂ ಒಂದೇ ವೇಗದಲ್ಲಿ ಓಡಿಸುವವರ ಬಳಿ ಹೋಗಬೇಡಿ.

ನಿಲ್ಲುವುದು ಸೋಲಲ್ಲ

ಎದೆಯಲ್ಲಿ ಒತ್ತಿದಂತಾಗುವುದು, ನೋವು ತೋಳಿಗೋ ದವಡೆಗೋ ಹರಿಯುವುದು, ತಣ್ಣನೆಯ ಬೆವರು, ತಲೆಸುತ್ತು, ಮಿತಿಮೀರಿದ ಏದುಸಿರು ಇವುಗಳಲ್ಲಿ ಯಾವುದೇ ಕಂಡರೂ ತಕ್ಷಣ ನಿಲ್ಲಿಸಬೇಕು. ಹೆಣ್ಣುಮಕ್ಕಳಲ್ಲಿ ಮತ್ತು ಮಧುಮೇಹಿಗಳಲ್ಲಿ ನೋವಿಲ್ಲದೆ ಕೇವಲ ಸುಸ್ತು, ವಾಕರಿಕೆಯಾಗಿಯೂ ಇದು ತೋರಬಹುದು. ಗ್ಯಾಸ್ಟ್ರಿಕ್ ಎಂದು ಸೋಡಾ ಕುಡಿದು ಕಾಯದೆ 108ಕ್ಕೆ ಕರೆ ಮಾಡಿ. ಪುನೀತ್ ಅವರ ಹೆಸರಿನಲ್ಲಿ ಸರ್ಕಾರವು ರೂಪಿಸಿದ ಹೃದಯ ಜ್ಯೋತಿ ಯೋಜನೆಯಡಿ ಹಲವು ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು ತಜ್ಞರ ಸಲಹೆ ಪಡೆಯುವ, ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದು ನೀಡುವ ವ್ಯವಸ್ಥೆಯಿದೆ. ಇನ್ನೊಂದು ಮಾತು: ಅತಿಯಾದ ಕಸರತ್ತಿನ ನಂತರ ಸ್ನಾಯುಗಳು ವಿಪರೀತ ನೊಂದು, ಮೂತ್ರವು ಕಾಫಿ ಕಷಾಯದ ಬಣ್ಣಕ್ಕೆ ತಿರುಗಿದರೆ ಅಂದೇ ವೈದ್ಯರನ್ನು ಕಾಣಬೇಕು. ಮೂತ್ರಪಿಂಡಕ್ಕೆ ಅಪಾಯವಿರುತ್ತದೆ.

ನಮ್ಮ ಬಂಧುಗಳು ಚಿಕಿತ್ಸೆ ಪಡೆದು, ವೈದ್ಯರ ಅನುಮತಿಯಂತೆ ಈಗ ಬೆಳಗಿನ ಪೂಜೆಗೆ ಮುನ್ನ ಮಡದಿಯೊಡನೆ ನಡೆಯುತ್ತಾರೆ. ಮತ್ತೊಮ್ಮೆ ಕೆಮ್ಮಣ್ಣುಗುಂಡಿಗೆ ಹೋಗುವ ಆಸೆ ಅವರಿಗಿದೆ. ಈ ಬಾರಿ ದಾರಿಯಲ್ಲಿ ಕುಳಿತು, ದಣಿವಾರಿಸಿಕೊಂಡು ಏರುವುದಾಗಿ ಎಲ್ಲರೆದುರೇ ಹೇಳಿದ್ದಾರೆ. ದೇಹವನ್ನೇ ದೇಗುಲವೆಂದು ಕಂಡ ಶರಣರ ಮಕ್ಕಳು ನಾವು. ದೇಗುಲವನ್ನು ಯಾರೂ ಒಂದೇ ದಿನದಲ್ಲಿ ಕಟ್ಟುವುದಿಲ್ಲ, ಬಿರುಕು ಕಂಡರೆ ಮುಚ್ಚಿಡುವುದೂ ಇಲ್ಲ.