ಕಣ್ಣಿಗೆ ಬೀಳದ ಅರ್ಧ

ಮೈಸೂರಿನಲ್ಲಿ ಬೆಳೆದವರಿಗೆ ಜಾವಾ ಮೋಟಾರ್ ಸೈಕಲ್ಲಿನ ಸದ್ದನ್ನು ವರ್ಣಿಸಿ ಹೇಳಬೇಕಾದುದಿಲ್ಲ. ನಮ್ಮ ಬೀದಿಯ ತಿರುವಿನಲ್ಲಿ ಅದು ಕೇಳಿಸಿದೊಡನೆ ನಮ್ಮ ತಾಯಿಯವರು ಕಾಫಿಗೆ ನೀರಿಡುತ್ತಿದ್ದರು. ತಂದೆಯವರು ಗೇಟು ತೆರೆದು ಒಳಗೆ ಬರುವಷ್ಟರಲ್ಲಿ ಲೋಟ ಸಿದ್ಧವಾಗಿರುತ್ತಿತ್ತು. 1967ರಲ್ಲಿ ಕೊಂಡ ಆ ಕಂದುಗೆಂಪು ಬಣ್ಣದ ವಾಹನ, ತಂದೆಯವರು ತೀರಿಕೊಂಡ ಮೇಲೂ ಮನೆಯ ಹಿಂದಿನ ಷೆಡ್ಡಿನಲ್ಲಿ ಉಳಿಯಿತು. ಹತ್ತು ವರ್ಷಗಳ ಹಿಂದೆ ಒಂದು ವರ್ಕ್‌ಷಾಪಿಗೆ ಕೊಟ್ಟು ಎಂಜಿನ್ ಬಿಚ್ಚಿಸಿ ಕೆಲಸ ಮಾಡಿಸಿದ್ದೆನು. ಆರು ತಿಂಗಳು ತುಂಬುವುದರೊಳಗೆ ಪಾದಗಳು ಜೋಮು ಹಿಡಿಯುವಷ್ಟು ನಡುಕ, ಒಳಗಿನಿಂದ ಗೊರಗೊರ ಸದ್ದು, ಹಿಂದೆ ಬಿಳಿಯ ಹೊಗೆ! ಮತ್ತೆ ಷೆಡ್ಡೇ ಗತಿಯಾಯಿತು. “ಆ ಸದ್ದು ಇನ್ನೊಂದು ಸಲ ಕಿವಿಗೆ ಬೀಳಬಾರದೇನೋ?” ಎಂದು ತಾಯಿಯವರು ಕಳೆದ ಯುಗಾದಿಯ ದಿನ ಕೇಳಿದರು. ಎಂಬತ್ತು ದಾಟಿದವರ ಮಾತು. ನಾಳೆಗೆ ನೋಡೋಣವೆಂದು ತಳ್ಳಿಹಾಕುವಂತಿರಲಿಲ್ಲ.

ಜಾವಾ ಹುಟ್ಟಿದ್ದು ದೂರದ ಪ್ರಾಗ್ ನಗರದಲ್ಲಿ. 1929ರಲ್ಲಿ ಯಾನೆಚೆಕ್ ಎಂಬ ಉದ್ಯಮಿ ವಾಂಡರರ್ ಎಂಬ ಜರ್ಮನ್ ಮೋಟಾರ್ ಸೈಕಲ್ಲಿನ ಹಕ್ಕನ್ನು ಕೊಂಡು, ತನ್ನ ಹೆಸರಿನ ಮೊದಲಕ್ಷರಗಳಿಗೆ ಅದರ ಮೊದಲಕ್ಷರಗಳನ್ನು ಸೇರಿಸಿ ‘ಜಾವಾ’ ಎಂದು ಕರೆದನು. 1961ರಲ್ಲಿ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ತೆರೆಯಿತು. ಮುಂದೆ ಎಪ್ಪತ್ತರ ದಶಕದಲ್ಲಿ ಯೆಜ್ಡಿ ಎಂಬ ಹೆಸರಿನಲ್ಲಿ ಅದೇ ಸಂತತಿ ಮುಂದುವರಿದು, 1996ರಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚಿತು. 2018ರಲ್ಲಿ ಜಾವಾ ಎಂಬ ಹೆಸರು ಮರಳಿ ಬಂದಿತಾದರೂ ಆ ಹೊಸ ಎಂಜಿನ್ನಿನ ಭಾಗಗಳು ಹಳೆಯದಕ್ಕೆ ಒದಗುವಂತಹವಲ್ಲ. ಹೀಗಾಗಿ ಇರುವುದನ್ನೇ ಉಳಿಸಿಕೊಳ್ಳಬೇಕು.

ನನ್ನ ಅದೃಷ್ಟಕ್ಕೆ, ಆ ಕಾರ್ಖಾನೆಯಲ್ಲಿ ಎಂಜಿನ್ ಜೋಡಣೆಯ ಕೆಲಸ ಮಾಡಿದ್ದ ಮೇಸ್ತ್ರಿಯೊಬ್ಬರು ಸಿಕ್ಕಿದರು. ಮನೆಯ ಮುಂದಿನ ಹನ್ನೆರಡು ಅಡಿ ಜಾಗವೇ ಅವರ ಗ್ಯಾರೇಜು. ಎಂಜಿನ್ನನ್ನು ಬಿಚ್ಚಿ ಕಾಗದದ ಮೇಲೆ ಹರಡಿ, ಅರ್ಧ ಗಂಟೆಯ ಹೊತ್ತು ಮಾತಿಲ್ಲದೆ ನೋಡಿದರು.

ಈ ಎಂಜಿನ್ನಿನ ವಿಚಿತ್ರವನ್ನು ವಾಚಕರಿಗೆ ಎರಡು ಮಾತಿನಲ್ಲಿ ತಿಳಿಸಬೇಕು. ಹಿಂದೆ ಎರಡು ಸೈಲೆನ್ಸರುಗಳನ್ನು ಕಂಡು ಸಿಲಿಂಡರುಗಳೂ ಎರಡೆಂದು ನಂಬಿದವರು ಅನೇಕರಿದ್ದಾರೆ. ಇರುವುದು ಒಂದೇ, 65 ಮಿಲಿಮೀಟರ್ ಅಗಲ, 75 ಮಿಲಿಮೀಟರ್ ಓಟ. ಇದು ಟು-ಸ್ಟ್ರೋಕ್ ಎಂಜಿನ್ನಾದುದರಿಂದ ಪೆಟ್ರೋಲು ಮತ್ತು ಗಾಳಿಯ ಮಿಶ್ರಣ ನೇರವಾಗಿ ಮೇಲಕ್ಕೆ ಹೋಗುವುದಿಲ್ಲ. ಪಿಸ್ಟನ್ ಮೇಲೇರಿದಾಗ ಮಿಶ್ರಣವು ಅದರ ಕೆಳಗಿನ ಪೆಟ್ಟಿಗೆಯೊಳಗೆ ಸೆಳೆಯಲ್ಪಡುತ್ತದೆ. ಪಿಸ್ಟನ್ ಇಳಿದಾಗ ಅಲ್ಲಿಂದ ಒತ್ತಲ್ಪಟ್ಟು ಮೇಲಕ್ಕೆ ನುಗ್ಗುತ್ತದೆ. ಕ್ರ್ಯಾಂಕ್ ತಿರುಗುವ ಆ ಕೆಳಗಿನ ಪೆಟ್ಟಿಗೆಯೇ ಎಂಜಿನ್ನಿನ ಶ್ವಾಸಕೋಶ. ನಿಮಿಷಕ್ಕೆ 4,500 ಸುತ್ತಿನಲ್ಲಿ ಅದು ಸೆಕೆಂಡಿಗೆ 75 ಸಲ ಉಸಿರಾಡಬೇಕು. ಸೂಜಿಯ ಮೊನೆಯಷ್ಟು ತೂತಿದ್ದರೂ ಉಬ್ಬಸ ತಪ್ಪಿದ್ದಲ್ಲ.

ಮೇಸ್ತ್ರಿಗಳು ಕಡೆಗೆ ಬಾಯಿಬಿಟ್ಟರು. “ಮೇಲಿನ ಕೆಲಸ ಯಾರು ಬೇಕಾದರೂ ಮಾಡ್ತಾರೆ ಸ್ವಾಮಿ. ಬೋರು ಕೆಟ್ಟರೆ ಇನ್ನೊಂದು ಸಲ ಕೊರೆಸಬಹುದು. ಈ ಕೆಳಗಿನ ಅರ್ಧ ಮುಚ್ಚಿದ ಮೇಲೆ ಯಾರ ಕಣ್ಣಿಗೂ ಬೀಳೋದಿಲ್ಲ. ಅದಕ್ಕೇ ಇಲ್ಲಿ ಮೋಸ ಜಾಸ್ತಿ.”

ಕ್ರ್ಯಾಂಕ್ ಎಂಬುದು ಒಂದೇ ತುಂಡಲ್ಲ. ಉಕ್ಕಿನ ಎರಡು ದಪ್ಪ ಚಕ್ರಗಳು, ಅವುಗಳ ನಡುವೆ ಅಂಚಿನ ಕಡೆಗೆ ಕೂರಿಸಿದ ಒಂದು ಪಿನ್ನು, ಪಿನ್ನಿನ ಮೇಲೆ ರೋಲರುಗಳು, ರೋಲರುಗಳ ಮೇಲೆ ಕನೆಕ್ಟಿಂಗ್ ರಾಡು. ಪಿನ್ನನ್ನು ಹಿಡಿದಿಡುವುದಕ್ಕೆ ಬೋಲ್ಟಿಲ್ಲ, ಬೆಸುಗೆಯಿಲ್ಲ. ರಂಧ್ರಕ್ಕಿಂತ ಕೂದಲೆಳೆಯಷ್ಟು ದಪ್ಪವಾಗಿರುವ ಪಿನ್ನನ್ನು ಟನ್ನುಗಟ್ಟಲೆ ಒತ್ತಡದಿಂದ ತುರುಕಿರುತ್ತಾರೆ. ಆ ಬಿಗಿಯೇ ಅದರ ಆಧಾರ. ಪ್ರತಿ ಸಲ ಪಿನ್ನನ್ನು ಹೊರದಬ್ಬಿ ಹೊಸದನ್ನು ತುರುಕುವಾಗಲೂ ರಂಧ್ರ ಒಂದಿಷ್ಟು ಸವೆಯುತ್ತದೆ. ಕಾರ್ಖಾನೆಯವರು ಒಂದು ಸಲ ಕೂರಿಸಿದ್ದರು, ಹತ್ತು ವರ್ಷದ ಹಿಂದಿನವರು ಎರಡನೆಯ ಸಲ. ಮೇಸ್ತ್ರಿಗಳು ಮೈಕ್ರೋಮೀಟರಿನಿಂದ ಪಿನ್ನನ್ನೂ ರಂಧ್ರಗಳನ್ನೂ ಮೂರು ಮೂರು ಬಾರಿ ಅಳೆದು, ಚೀಟಿಯ ಮೇಲೆ ಬರೆದುಕೊಂಡು, “ಬಿಗಿ ಇನ್ನೂ ಇದೆ. ಇದು ಮೂರನೆಯದು. ನಾಲ್ಕನೆಯದು ಇಲ್ಲ ಅಂತ ತಿಳಿದುಕೊಳ್ಳಿ,” ಎಂದರು. ನನಗೆ ಬಾಯಿ ಒಣಗಿತು.

ಪ್ರೆಸ್ಸಿನ ಕೆಲಸ ಹತ್ತು ನಿಮಿಷದಲ್ಲಿ ಮುಗಿಯಿತು. ನಿಜವಾದ ಕೆಲಸ ಆಮೇಲಿನದು. ಎರಡು ಚಕ್ರಗಳ ಹೊರಬದಿಗೆ ಚಾಚಿರುವ ಎರಡು ದಂಡಗಳೂ ಒಂದೇ ಗೆರೆಯಲ್ಲಿರಬೇಕು. ಒಂದು ಚಕ್ರ ಇನ್ನೊಂದಕ್ಕಿಂತ ಎಳ್ಳಷ್ಟು ಹೊರಳಿ ಕುಳಿತರೂ ಗೆರೆ ತಪ್ಪುತ್ತದೆ. ಕ್ರ್ಯಾಂಕನ್ನು ಲೇತಿನ ಎರಡು ಮೊನೆಗಳ ನಡುವೆ ನಿಲ್ಲಿಸಿ, ದಂಡಕ್ಕೆ ಡಯಲ್ ಗೇಜಿನ ಕಡ್ಡಿಯನ್ನು ತಾಗಿಸಿ, ಮೆಲ್ಲನೆ ತಿರುಗಿಸಿದರು. ಮುಳ್ಳು ಮಿಲಿಮೀಟರಿನ ನೂರರಲ್ಲಿ ಹದಿನೆಂಟು ಭಾಗ ತೂಗಾಡಿತು. ಹಿಂದಿನ ವರ್ಕ್‌ಷಾಪಿನವರು ಇದನ್ನು ಕಣ್ಣಳತೆಯಲ್ಲೇ ಮುಗಿಸಿದ್ದರೆಂಬುದು ಸವೆದ ಬೇರಿಂಗುಗಳಿಂದ ಗೊತ್ತಾಗುತ್ತಿತ್ತು. ಮೇಸ್ತ್ರಿಗಳು ಚಕ್ರದ ಅಂಚಿಗೆ ಸೀಮೆಸುಣ್ಣದಿಂದ ಗುರುತು ಹಾಕಿ, ತಾಮ್ರದ ಸುತ್ತಿಗೆಯಿಂದ ಒಂದೇ ಏಟು ಹೊಡೆದರು. ಹನ್ನೆರಡು. ಇನ್ನೊಂದು ಏಟಿಗೆ ಇಪ್ಪತ್ತಾಯಿತು! ನಾನು ಹೌಹಾರಿದೆನು, ಅವರು ನಕ್ಕು ನೀರು ಕುಡಿದರು. “ಸಿಟ್ಟಿನಲ್ಲಿ ಹೊಡೆದರೆ ಅದೂ ಸಿಟ್ಟು ಮಾಡ್ಕೊಳ್ಳತ್ತೆ.” ಮತ್ತೆ ತಿರುಗಿಸುವುದು, ನೋಡುವುದು, ತಟ್ಟುವುದು. ಏಳು, ನಾಲ್ಕು, ಐದು, ಮೂರು. ಒಂದೂವರೆ ಗಂಟೆಯ ಕೊನೆಗೆ ಎರಡು ಬದಿಯಲ್ಲೂ ನೂರರಲ್ಲಿ ಎರಡು ಭಾಗಕ್ಕೆ ಬಂದು ನಿಂತಿತು. ತಲೆಗೂದಲಿನ ದಪ್ಪದ ಅರ್ಧಕ್ಕೂ ಕಡಿಮೆ.

ಬೇರಿಂಗುಗಳನ್ನು ಕೂರಿಸುವ ವಿಧಾನ ಗೃಹಿಣಿಯರಿಗೆ ಮೆಚ್ಚಿಗೆಯಾಗುತ್ತದೋ ಇಲ್ಲವೋ ಅರಿಯೆ. ಹೊಸ ಬೇರಿಂಗುಗಳು ಹಿಂದಿನ ರಾತ್ರಿಯೆಲ್ಲ ಮೇಸ್ತ್ರಿಗಳ ಮನೆಯ ಫ್ರಿಜ್ಜಿನಲ್ಲಿ, ದೋಸೆ ಹಿಟ್ಟಿನ ಪಾತ್ರೆಯ ಪಕ್ಕದಲ್ಲಿ ವಾಸ ಮಾಡಿದ್ದವು. “ಇದು ಅಡಿಗೆಮನೆಯೋ ಕಾರ್ಖಾನೆಯೋ?” ಎಂದು ಅವರ ಮನೆಯವರ ದೂರು. ಬೆಳಗ್ಗೆ ಅದೇ ಮನೆಯ ಗ್ಯಾಸ್ ಒಲೆಯ ಮೇಲೆ, ಹಳೆಯ ಕಾವಲಿಯಿಟ್ಟು, ಅಲ್ಯುಮಿನಿಯಮ್ಮಿನ ಪೆಟ್ಟಿಗೆಯ ಅರ್ಧವನ್ನು ಕಾಯಿಸಿದರು. ಚಿಮುಕಿಸಿದ ನೀರು ಚುರ್ರೆಂದು ಆರುವಷ್ಟು ಕಾವು ಸಾಕು. ಅಲ್ಯುಮಿನಿಯಮ್ ಉಕ್ಕಿನ ಹೆಚ್ಚುಕಡಿಮೆ ಎರಡರಷ್ಟು ಹಿಗ್ಗುತ್ತದೆ. 60 ಮಿಲಿಮೀಟರಿನ ರಂಧ್ರ 80 ಡಿಗ್ರಿ ಕಾವಿಗೆ ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ಅಗಲವಾಗುತ್ತದೆ. ತಣ್ಣಗಿನ ಬೇರಿಂಗನ್ನು ಮೇಲಿನಿಂದ ಬಿಟ್ಟರೆ, ಟಕ್ಕೆಂದು ತಾನೇ ಕುಳಿತುಬಿಡುತ್ತದೆ. ಸುತ್ತಿಗೆ ಮುಟ್ಟಬೇಕಾಗಿಲ್ಲ. ಸುತ್ತಿಗೆ ಮುಟ್ಟಿದ ಬೇರಿಂಗಿನ ಆಯುಸ್ಸು ಆಗಲೇ ಅರ್ಧವಾಯಿತೆಂದು ಮೇಸ್ತ್ರಿಗಳ ಲೆಕ್ಕ.

ಗೇರುಗಳ ಕಥೆಯನ್ನು ಇಲ್ಲಿ ಬೆಳೆಸುವುದಿಲ್ಲ. ಅವೂ ಅದೇ ಪೆಟ್ಟಿಗೆಯ ಹಿಂಭಾಗದಲ್ಲಿರುವುದರಿಂದ ಮುಚ್ಚುವ ಮೊದಲೇ ಎಲ್ಲವೂ ತಮ್ಮ ತಮ್ಮ ಸ್ಥಾನದಲ್ಲಿರಬೇಕು. ಒಂದು ವಾಷರು ಮರೆತರೆ ಪುನಃ ಮೊದಲಿನಿಂದ.

ಸೀಲುಗಳ ವಿಷಯವನ್ನು ಮಾತ್ರ ಬಿಡಲಾಗದು. ದಂಡ ಹೊರಬರುವ ಎರಡು ಕಡೆಯೂ ರಬ್ಬರಿನ ತುಟಿಯುಳ್ಳ ಸೀಲುಗಳಿವೆ. ಬಲಗಡೆ ಸೋರಿದರೆ ಡೈನಮೋ ಬದಿಯಿಂದ ಗಾಳಿ ನುಗ್ಗಿ ಎಂಜಿನ್ ಕಾಯುತ್ತದೆ. ಎಡಗಡೆ ಸೋರಿದರೆ ಕ್ಲಚ್ಚಿನ ಎಣ್ಣೆಯನ್ನು ಎಂಜಿನ್ ಕುಡಿಯಲಾರಂಭಿಸುತ್ತದೆ. ನಮ್ಮ ಮನೆಯ ಬಿಳಿಯ ಹೊಗೆಯ ರಹಸ್ಯ ಇದೇ. ಮೇಸ್ತ್ರಿಗಳು ಹಳೆಯ ಎಡಸೀಲಿನ ತುಟಿಯನ್ನು ಉಗುರಿನಿಂದ ಮಗುಚಿ ತೋರಿಸಿದರು: ಬ್ಲೇಡಿನಿಂದ ಸೀಳಿದಂತಹ ಗಾಯ. ದಂಡದ ಮರೆಯ ಚೂಪಾದ ಅಂಚಿನ ಮೇಲೆ ಒರಟಾಗಿ ತಳ್ಳಿದ್ದರು. ಈ ಸಲ ದಂಡಕ್ಕೆ ನುಣುಪಾದ ಟೇಪು ಸುತ್ತಿ, ಎಣ್ಣೆ ಸವರಿ, ಮಗುವಿಗೆ ಅಂಗಿ ತೊಡಿಸುವಂತೆ ಹೊಸ ಸೀಲನ್ನು ಜಾರಿಸಿದರು.

ಪೆಟ್ಟಿಗೆಯ ಎರಡು ಅರ್ಧಗಳು ಸೇರಿ, ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿದು ಮುಗಿದಾಗ ಕ್ರ್ಯಾಂಕ್ ಒಂದಿಷ್ಟು ಬಿಗಿಯಾಗಿ ತಿರುಗುತ್ತಿತ್ತು. ದಂಡದ ತುದಿಗೆ ಮರದ ಕೊಡತಿಯಿಂದ ಮೆಲ್ಲಗೆ ತಟ್ಟಿದರು; ಬೇರಿಂಗುಗಳ ಪಕ್ಕದ ಒತ್ತಡ ಕಳೆದು, ಬೆರಳಿನಿಂದ ತಳ್ಳಿದರೆ ಸದ್ದಿಲ್ಲದೆ ಸುತ್ತತೊಡಗಿತು.

ಮರುದಿನ ಪಿಸ್ಟನ್ನೂ ಸಿಲಿಂಡರೂ ಏರಿದ ಮೇಲೆ ಕಡೆಯ ಪರೀಕ್ಷೆ. ದ್ವಾರಗಳಿಗೆಲ್ಲ ರಬ್ಬರಿನ ಬಿರಡೆಯಿಟ್ಟು, ಪಿಸ್ಟನ್ನನ್ನು ಕೆಳಕ್ಕಿಳಿಸಿ, ಸ್ಪಾರ್ಕ್ ಪ್ಲಗ್ಗಿನ ರಂಧ್ರದಿಂದ ಸಣ್ಣ ಪಂಪಿನಲ್ಲಿ ಗಾಳಿ ಹಾಕಿದರು. ಗೇಜಿನ ಮುಳ್ಳು ನಿಲ್ಲದೆ ಇಳಿಯತೊಡಗಿತು. ಮೂರನೆಯದು, ನಾಲ್ಕನೆಯದಿಲ್ಲ ಎಂಬ ಮಾತು ನನ್ನ ಕಿವಿಯಲ್ಲಿ ಗುಂಯ್‌ಗುಟ್ಟಿತು. ಮೇಸ್ತ್ರಿಗಳು ಸಾಬೂನಿನ ನೀರನ್ನು ಎಲ್ಲೆಡೆ ಸವರಿ ಬಗ್ಗಿ ನೋಡಿದರು. ಜೋಡಣೆಯ ಗೆರೆಯಲ್ಲಿ ಗುಳ್ಳೆಯಿಲ್ಲ, ಸೀಲುಗಳಲ್ಲಿಲ್ಲ. ಗುಳ್ಳೆ ಏಳುತ್ತಿದ್ದುದು ಹೊಗೆಯ ದ್ವಾರಕ್ಕೆ ಇಟ್ಟಿದ್ದ ಬಿರಡೆಯ ಅಂಚಿನಲ್ಲಿ! ಅದನ್ನು ಒತ್ತಿ ಹಿಡಿದು ಮತ್ತೆ ಗಾಳಿ ಹಾಕಿದರು. ಐದು ನಿಮಿಷವಾದರೂ ಮುಳ್ಳು ಅಲುಗಲಿಲ್ಲ.

ಆ ಭಾನುವಾರ ಸಂಜೆ ನಾನು ಬೀದಿಯ ತಿರುವಿನಿಂದ ಮನೆಯವರೆಗೆ ಜಾವಾ ಓಡಿಸಿಕೊಂಡು ಬಂದೆನು. ತಾಯಿಯವರು ಗೇಟಿನ ಬಳಿ ನಿಂತಿದ್ದರು. ಬಹಳ ಹೊತ್ತು ಕೇಳಿ, “ಅದೇ. ಆದರೆ ಕೊನೆಯಲ್ಲಿ ಸ್ವಲ್ಪ ಬೇರೆ ಥರ,” ಎಂದರು. ನಾನು ಹೆದರಿ ಮೇಸ್ತ್ರಿಗಳಿಗೆ ಫೋನು ಮಾಡಿದೆನು.

“ಎಡಗಡೆ ಸೈಲೆನ್ಸರು ಹಳೇದಲ್ಲ ಸ್ವಾಮಿ, ಯಾರೋ ಬದಲಾಯಿಸಿದ್ದಾರೆ,” ಎಂದರು ಅವರು. “ಅಮ್ಮನವರ ಕಿವಿ ಚೆನ್ನಾಗಿದೆ.”